ಪೆಟ್ಟು ತಿಂದವಳೇ ಪಾಯಸ ಬಡಿಸಬೇಕು

ಅಪ್ಪ ಕುಡುಕ. ಮಗಳು ಹದಿನೆಂಟಕ್ಕೇ ಮನೆ ಬಿಟ್ಟವಳು. ಈಗ ಅಪ್ಪ ಹಾಸಿಗೆ ಹಿಡಿದಿದ್ದಾನೆ. ಮಗಳಿಗೆ ಚಿಕ್ಕಮ್ಮನ ಫೋನ್ ಬರುತ್ತದೆ. ಒಲ್ಲದ ಮನಸ್ಸಿನಿಂದ ಊರಿಗೆ ಹೊರಡುತ್ತಾಳೆ. ಊರ ಹತ್ತಿರ ಕಾರು ಕೆಡುತ್ತದೆ. ರಿಪೇರಿಗೆ ಬಂದವನು ಹಳೇ ಪ್ರೇಮಿ. ಹೆಂಡತಿ ತೀರಿಹೋಗಿದ್ದಾಳೆ. ಮುದ್ದಾದ ಮಗುವೊಂದಿದೆ. ಭಾನುವಾರದ ಚರ್ಚು ತಪ್ಪಿಸುವುದಿಲ್ಲ.

ಮುಂದಿನದು ನಿಮಗೇ ಗೊತ್ತು. ಬರೆದವರಿಗೂ ಗೊತ್ತಿತ್ತು, ಕೊಂಡವರಿಗೂ ಗೊತ್ತಿತ್ತು. ಮುನ್ನೂರನೇ ಪುಟದಲ್ಲಿ ಮಗಳು ಕ್ಷಮಿಸುತ್ತಾಳೆ. ಅಪ್ಪ ನೆಮ್ಮದಿಯಾಗಿ ಕಣ್ಣು ಮುಚ್ಚುತ್ತಾನೆ. ಕೊನೇ ಅಧ್ಯಾಯದಲ್ಲಿ ಮದುವೆ. ನಮ್ಮ ಧಾರಾವಾಹಿಗಳಲ್ಲಿ ಪಳಗಿದವರಿಗೆ ಇದೇನೂ ದೊಡ್ಡದಲ್ಲ. ಆದರೆ ನಮ್ಮ ಧಾರಾವಾಹಿಗಳು ಮೋಕ್ಷ ಕೊಡಿಸುತ್ತೇವೆ ಅಂತ ಹೇಳಿಕೊಳ್ಳುವುದಿಲ್ಲ. ಸೋಪಿನ ಜಾಹೀರಾತು ತೋರಿಸಿ ಸುಮ್ಮನಾಗುತ್ತವೆ.

ಅಮೆರಿಕದಲ್ಲಿ ಇದಕ್ಕೆ ಕ್ರಿಶ್ಚಿಯನ್ ಫಿಕ್ಷನ್ ಅಂತ ಹೆಸರು. 1979ರಲ್ಲಿ ಜಾನೆಟ್ ಓಕ್ ಅವರ 'ಲವ್ ಕಮ್ಸ್ ಸಾಫ್ಟ್‌ಲಿ' ಬಂತು, ಬಿಸಿ ದೋಸೆಯಂತೆ ಖರ್ಚಾಯಿತು. ಆಮೇಲೆ ಇದಕ್ಕೇ ಪ್ರಕಾಶಕರು, ಇದಕ್ಕೇ ಅಂಗಡಿಗಳು, 2000ದಿಂದ ಇದಕ್ಕೇ 'ಕ್ರಿಸ್ಟಿ' ಎಂಬ ಪ್ರಶಸ್ತಿ.

ನನಗೆ ಪ್ರೇಮದ ಮೇಲೆ ತಕರಾರಿಲ್ಲ. ದೇವರ ಮೇಲೂ ಇಲ್ಲ. ತಕರಾರು ಇರುವುದು ಲೆಕ್ಕದ ಮೇಲೆ. ಈ ಪುಸ್ತಕಗಳಲ್ಲಿ ಕ್ಷಮೆ ಎಂಬುದು ಪೆಟ್ಟು ತಿಂದವರಿಂದ ವಸೂಲಿ ಮಾಡುವ ಕಂದಾಯ. ಹೊಡೆದವನು ಕೊಡಬೇಕಾದದ್ದು ಎರಡು ಹನಿ ಕಣ್ಣೀರು, ಒಂದು ಪ್ರಾರ್ಥನೆ. ಅಷ್ಟಕ್ಕೇ ಚುಕ್ತಾ. ಹೊಡೆಸಿಕೊಂಡವಳು ಮಾತ್ರ ಕ್ಷಮಿಸಬೇಕು, ಅಳಬೇಕು, ಅಪ್ಪಿಕೊಳ್ಳಬೇಕು, ಹಬ್ಬದ ಊಟಕ್ಕೆ ಕರೆಯಬೇಕು. ಕ್ಷಮಿಸದಿದ್ದರೆ? ಅವಳ ಹೃದಯ ಕಲ್ಲಾಗಿದೆ ಎಂದು ಪಾದ್ರಿಯ ಹೆಂಡತಿ ಬಂದು ಕಾಫಿ ಕುಡಿಯುತ್ತಾ ಹೇಳಿಹೋಗುತ್ತಾಳೆ. ಕೊಟ್ಟವಳು ಕೋಡಂಗಿ, ಇಸ್ಕೊಂಡವನು ಈರಭದ್ರ.

ಮಡಿಗೇನೂ ಕಡಿಮೆಯಿಲ್ಲ. ನಾಯಕ ಬೈಯಬಾರದು. ನಾಯಕಿ ವೈನ್ ಮುಟ್ಟಬಾರದು. ಮಲಗುವ ಕೋಣೆಯ ಬಾಗಿಲು ಹಾಕಿರಬೇಕು. ಕೊಲೆ ನಡೆಯಬಹುದು. ಅನ್ಯಾಯ ಎಷ್ಟು ಬೇಕಾದರೂ ಆಗಬಹುದು. ಕೆಟ್ಟ ಮಾತು ಮಾತ್ರ ಕೂಡದು.

2012ರಲ್ಲಿ ಲೈಫ್‌ವೇ ಎಂಬ ಕ್ರೈಸ್ತ ಪುಸ್ತಕದಂಗಡಿಗಳ ಸರಣಿ 'ದ ಬ್ಲೈಂಡ್ ಸೈಡ್' ಚಿತ್ರದ ಡಿವಿಡಿಗಳನ್ನು ಕಪಾಟಿನಿಂದ ಇಳಿಸಿತು. ಅನುಕೂಲಸ್ಥ ಕ್ರೈಸ್ತ ಕುಟುಂಬವೊಂದು ನೆಲೆಯಿಲ್ಲದ ಕಪ್ಪು ಹುಡುಗನನ್ನು ಮನೆಗೆ ಕರೆತಂದು ಸಾಕುವ ಕಥೆ ಅದು. ಅವರಿಗೆ ಹೇಳಿ ಮಾಡಿಸಿದ್ದು. ಇಳಿಸಿದ್ದೇಕೆ? ಚಿತ್ರದಲ್ಲಿ ಬೈಗುಳ ಇತ್ತು. ಫ್ಲೋರಿಡಾದ ಪಾದ್ರಿಯೊಬ್ಬರ ಕಿವಿ ನೊಂದಿತ್ತು.

ಆ ಹುಡುಗ, ಮುಂದೆ ದೊಡ್ಡ ಫುಟ್‌ಬಾಲ್ ಆಟಗಾರನಾದ ಮೈಕೆಲ್ ಓಹರ್, 2023ರಲ್ಲಿ ಕೋರ್ಟಿಗೆ ಹೋದರು. ನನ್ನನ್ನು ಯಾರೂ ದತ್ತು ತೆಗೆದುಕೊಂಡಿಲ್ಲ, ಸಹಿ ಹಾಕಿಸಿಕೊಂಡದ್ದು ಪಾಲಕತ್ವದ ಕಾಗದಕ್ಕೆ ಎಂದರು. ನಾವು ಮೋಸ ಮಾಡಿಲ್ಲ ಎಂದಿತು ಕುಟುಂಬ. ಅದೇ ವರ್ಷ ನ್ಯಾಯಾಲಯ ಆ ಪಾಲಕತ್ವವನ್ನು ಕೊನೆಗೊಳಿಸಿತು. ದತ್ತುಪತ್ರ ಎಲ್ಲಿದೆ ಎಂದು ಕೇಳುವುದು ಅಂಗಡಿಯವರ ಕೆಲಸವಲ್ಲ, ನಿಜ. ಬೈಗುಳ ಹೆಕ್ಕುವುದು ಮಾತ್ರ ಅವರದೇ ಕೆಲಸವಾಗಿತ್ತು.

ಲೈಫ್‌ವೇ ಯಾರದ್ದು? ಸದರ್ನ್ ಬ್ಯಾಪ್ಟಿಸ್ಟ್ ಕನ್ವೆನ್ಷನ್‌ನದ್ದು. ಅಮೆರಿಕದ ಅತಿ ದೊಡ್ಡ ಪ್ರಾಟೆಸ್ಟಂಟ್ ಪಂಗಡ. 2022ರ ಮೇ ತಿಂಗಳಲ್ಲಿ ಆ ಪಂಗಡದ ಮೇಲೊಂದು ತನಿಖಾ ವರದಿ ಬಂತು. ಲೈಂಗಿಕ ದೌರ್ಜನ್ಯದ ಆರೋಪ ಹೊತ್ತವರ ಪಟ್ಟಿಯೊಂದು ಕಾರ್ಯಕಾರಿ ಸಮಿತಿಯ ಕಚೇರಿಯಲ್ಲೇ ಇತ್ತು. 700ಕ್ಕೂ ಹೆಚ್ಚು ಹೆಸರು. ವರ್ಷಗಟ್ಟಲೆ ಗುಟ್ಟಾಗಿ ಇಟ್ಟಿದ್ದರು. ನ್ಯಾಯ ಕೇಳಿ ಬಂದ ಹೆಂಗಸರಿಗೆ ಬಾಗಿಲು ತೆರೆಯಲಿಲ್ಲ. ಡಿವಿಡಿ ಕಪಾಟಿನಿಂದ ಇಳಿಯಲು ಒಬ್ಬ ಪಾದ್ರಿಯ ದೂರು ಸಾಕಾಯಿತು. ಆ ಪಟ್ಟಿ ಕಪಾಟಿನಿಂದ ಹೊರಬರಲು ತನಿಖೆಯೇ ಬೇಕಾಯಿತು.

ಇನ್ನು ನಾಯಕರ ವಿಷಯ. ಕುಡುಕ ಅಪ್ಪಂದಿರು, ಓಡಿಹೋದ ಗಂಡಂದಿರು ಓದುಗರಿಗೆ ಹಳಸಿದರು ಅಂತ ಕಾಣುತ್ತದೆ. ಕ್ಷಮಿಸಲು ಇನ್ನೂ ದೊಡ್ಡ ಪಾಪಿ ಬೇಕಾಯಿತು.

2014ರಲ್ಲಿ ಬೆಥನಿ ಹೌಸ್ ಪ್ರಕಾಶನ ಕೇಟ್ ಬ್ರೆಸ್ಲಿನ್ ಅವರ 'ಫಾರ್ ಸಚ್ ಎ ಟೈಮ್' ಹೊರತಂದಿತು. ನಾಯಕಿ ಯೆಹೂದಿ ಹುಡುಗಿ. ಚಿನ್ನದ ಕೂದಲು, ನೀಲಿ ಕಣ್ಣು. ನಾಯಕ? ತೆರೇಸಿಯನ್‌ಸ್ಟಾಟ್ ಶಿಬಿರದ ನಾಜಿ ಅಧಿಕಾರಿ. ಹೌದು, ನಾಯಕ. ಖಳನಾಯಕನಲ್ಲ. ನಿಜವಾದ ತೆರೇಸಿಯನ್‌ಸ್ಟಾಟ್‌ನಲ್ಲಿ ಸುಮಾರು 33 ಸಾವಿರ ಮಂದಿ ಸತ್ತರು. ಅದಕ್ಕಿಂತ ಎಷ್ಟೋ ಹೆಚ್ಚು ಜನರನ್ನು ಅಲ್ಲಿಂದ ರೈಲು ಹತ್ತಿಸಿ ಸಾಯಲು ಕಳಿಸಿದರು. ಕಾದಂಬರಿಯಲ್ಲಿ ಅಲ್ಲಿ ಪ್ರೇಮ ಅರಳುತ್ತದೆ. ಹುಡುಗಿಯ ಕೈಗೆ ಬೈಬಲ್ ಸಿಗುತ್ತದೆ, ಮನಸ್ಸು ಯೇಸುವಿನ ಕಡೆ ವಾಲುತ್ತದೆ. ಬೈಬಲ್ಲಿನ ರಾಣಿ ಎಸ್ತೇರಳ ಕಥೆಯನ್ನೇ ಹೊಸದಾಗಿ ಹೇಳಿದ್ದೇವೆ ಅಂತ ಸಮಜಾಯಿಷಿ. ಎಸ್ತೇರಳು ಯೆಹೂದಿಯಾಗಿಯೇ ಉಳಿದಿದ್ದಳು, ಸ್ವಾಮಿ.

ಅಮೆರಿಕದ ಪ್ರಣಯ ಕಾದಂಬರಿಕಾರರ ಸಂಘ ಈ ಪುಸ್ತಕವನ್ನು 2015ರಲ್ಲಿ ಎರಡೆರಡು ವಿಭಾಗಗಳಲ್ಲಿ ಪ್ರಶಸ್ತಿಯ ಅಂತಿಮ ಸುತ್ತಿಗೆ ಆರಿಸಿತ್ತು. ಸೋತಿತು. ಸೋತ ಮೇಲೆ ಯೆಹೂದಿ ಓದುಗರು ಸಿಟ್ಟಾದರು, ಪತ್ರ ಬರೆದರು. ಸಂಘ ಕೇಳಿಸಿಕೊಂಡಿತು. ಎಷ್ಟು ಕೇಳಿಸಿಕೊಂಡಿತು ಅಂದರೆ, ಆರೇ ವರ್ಷದಲ್ಲಿ ಅದೇ ಗುಂಡಿಗೆ ಮತ್ತೆ ಬಿತ್ತು.

ಈ ಸಲದ ಪುಸ್ತಕ ಕ್ಯಾರೆನ್ ವಿಟ್‌ಮೇಯರ್ ಅವರ 'ಅಟ್ ಲವ್ಸ್ ಕಮಾಂಡ್'. ಪ್ರಕಾಶಕರು ಮತ್ತೆ ಬೆಥನಿ ಹೌಸ್. ಕಥೆ ಶುರುವಾಗುವುದು ವೂಂಡೆಡ್ ನೀಯಲ್ಲಿ. 1890ರ ಡಿಸೆಂಬರ್ 29ರಂದು ಅಮೆರಿಕದ ಸೈನ್ಯ ಅಲ್ಲಿ ಮೂಲನಿವಾಸಿಗಳಾದ ಲಕೋಟಾ ಜನರನ್ನು ಕೊಂದಿತು. ಕಡಿಮೆ ಅಂದರೂ 250 ಮಂದಿ. ಅದರಲ್ಲಿ ಹೆಂಗಸರು ಎಷ್ಟೋ, ಮಕ್ಕಳು ಎಷ್ಟೋ. ಆ ಸೈನ್ಯದಲ್ಲಿದ್ದವನೇ ಕಾದಂಬರಿಯ ನಾಯಕ. ಅವನಿಗೆ ಪಶ್ಚಾತ್ತಾಪವಾಗುತ್ತದೆ. ದೇವರನ್ನು ಬೇಡುತ್ತಾನೆ. ಟೆಕ್ಸಾಸ್‌ಗೆ ಹೋಗಿ ಒಳ್ಳೆಯವನಾಗುತ್ತಾನೆ. ವೈದ್ಯೆಯೊಬ್ಬಳ ಪ್ರೇಮ ಸಿಗುತ್ತದೆ. ಲಕೋಟಾದವರಿಗೆ ಏನು ಸಿಕ್ಕಿತು? ಮುನ್ನುಡಿಯಲ್ಲಿ ಸಾಯುವ ಅವಕಾಶ.

2021ರಲ್ಲಿ ಸಂಘ ಇದಕ್ಕೆ ಪ್ರಶಸ್ತಿ ಕೊಟ್ಟಿತು. ಗಲಾಟೆಯಾಯಿತು. ವಾರ ಕಳೆಯುವುದರೊಳಗೆ ಪ್ರಶಸ್ತಿಯನ್ನು ವಾಪಸ್ ಪಡೆಯಿತು. ಆ ಹತ್ಯಾಕಾಂಡದಲ್ಲಿ ಗುಂಡು ಹಾರಿಸಿದವರಲ್ಲಿ ಇಪ್ಪತ್ತರಷ್ಟು ಮಂದಿಗೆ ಅಂದಿನ ಸರ್ಕಾರ ಪರಮೋಚ್ಚ ಶೌರ್ಯ ಪದಕವನ್ನೇ ಕೊಟ್ಟಿತ್ತು. ಆಗ ಪದಕ, ಈಗ ಪ್ರಶಸ್ತಿ. ಸಂಪ್ರದಾಯ ಮುರಿಯಬಾರದಲ್ಲ.

ಜರ್ಮನಿಯ ಪಾದ್ರಿ ಡೀಟ್ರಿಚ್ ಬೊನ್‌ಹೋಫರ್ ಇದಕ್ಕೆ 1937ರಲ್ಲೇ ಹೆಸರಿಟ್ಟಿದ್ದರು: ಅಗ್ಗದ ಕೃಪೆ. ಪಶ್ಚಾತ್ತಾಪ ಬೇಡ, ಬೆಲೆ ತೆರುವುದು ಬೇಡ, ಕೃಪೆ ಮಾತ್ರ ಬೇಕು ಎನ್ನುವವರ ಧರ್ಮ. 1945ರ ಏಪ್ರಿಲ್‌ನಲ್ಲಿ ನಾಜಿಗಳು ಅವರನ್ನು ನೇಣಿಗೆ ಹಾಕಿದರು. ಅದೇ ನಾಜಿಗಳಲ್ಲೊಬ್ಬ ಸುಮಾರು ಎಪ್ಪತ್ತು ವರ್ಷದ ನಂತರ ಕ್ರೈಸ್ತ ಪ್ರಕಾಶಕರ ಕೈಯಲ್ಲಿ ಮದುವಣಿಗನಾದ.

ಸರಿ, ಧರ್ಮಗ್ರಂಥದಲ್ಲೇ ಹೀಗಿದೆಯಲ್ಲ ಅಂತೀರಾ? ಇಲ್ಲ. ಓದಿ ನೋಡಿ. ಇವರು ಓದಿಲ್ಲ ಅಂತ ನನಗೆ ಬಲವಾದ ಗುಮಾನಿ.

ಯೋಸೇಫನ ಕಥೆ ತೆಗೆಯಿರಿ. ಅಣ್ಣಂದಿರು ಇಪ್ಪತ್ತು ಬೆಳ್ಳಿ ನಾಣ್ಯಕ್ಕೆ ಮಾರಿದ ತಮ್ಮ. ವರ್ಷಗಳ ನಂತರ ಬರಗಾಲ ಬಂದು ಅವರು ಈಜಿಪ್ಟಿಗೆ ಧಾನ್ಯ ಕೇಳಲು ಬಂದರು. ಯೋಸೇಫ ಓಡಿಹೋಗಿ ಅಪ್ಪಿಕೊಂಡನೆ? ನೀವು ಗೂಢಚಾರರು ಅಂದ. ಮೂರು ದಿನ ಸೆರೆಯಲ್ಲಿಟ್ಟ. ಸಿಮೆಯೋನನನ್ನು ಒತ್ತೆ ಇಟ್ಟುಕೊಂಡ. ಕಿರಿಯ ಬೆನ್ಯಾಮೀನನ ಚೀಲದಲ್ಲಿ ತನ್ನ ಬೆಳ್ಳಿ ಬಟ್ಟಲು ಇಡಿಸಿ ಕಳ್ಳತನ ಹೊರಿಸಿದ. ತಮ್ಮನನ್ನು ಮಾರೋಣ ಎಂದು ಅಂದು ಸೂಚಿಸಿದ್ದವನು ಯೆಹೂದ. ಅದೇ ಯೆಹೂದ ಈಗ ಮುಂದೆ ಬಂದು, ಹುಡುಗನನ್ನು ಬಿಡಿ, ಅವನ ಬದಲು ನಾನು ಗುಲಾಮನಾಗಿರುತ್ತೇನೆ ಅಂದ. ಆಮೇಲೆ ಯೋಸೇಫ ತಾನು ಯಾರೆಂದು ಹೇಳಿದ. ಅದಕ್ಕೂ ಮುಂಚೆ ಒಳಕೋಣೆಗೆ ಹೋಗಿ ಅತ್ತಿದ್ದು ಬೇರೆ ಮಾತು. ಒಳಗೆ ಅತ್ತ, ಹೊರಗೆ ಪರೀಕ್ಷೆ ಮಾಡಿದ. ಇಂದಿನ ಕಾದಂಬರಿಯಲ್ಲಾಗಿದ್ದರೆ ಧಾನ್ಯದ ಮೂಟೆ ಹೊರುವ ಮೊದಲೇ ಅಣ್ಣಂದಿರನ್ನು ಕ್ಷಮಿಸಿ ಆಗುತ್ತಿತ್ತು.

ಜಕ್ಕಾಯ ಇನ್ನೊಬ್ಬ. ಯೆರಿಕೋ ಊರಿನ ಸುಂಕದವನು. ಜನರನ್ನು ಸುಲಿದವನು. ಯೇಸು ಅವನ ಮನೆಗೆ ಬರುತ್ತೇನೆ ಅಂದದ್ದೇ ತಡ, ಅರ್ಧ ಆಸ್ತಿ ಬಡವರಿಗೆ, ಮೋಸದಿಂದ ಪಡೆದದ್ದಕ್ಕೆ ನಾಲ್ಕು ಪಾಲು ವಾಪಸ್ ಎಂದ. ಅಂಕಿ ಅಂಶ ಸಮೇತ. ಇವರ ಕಾದಂಬರಿಯಲ್ಲಿ ಜಕ್ಕಾಯ ಗಿಟಾರ್ ಹಿಡಿದು ಚರ್ಚಿನ ಗಾಯನ ತಂಡ ಸೇರುತ್ತಾನೆ. ಸುಂಕದ ದುಡ್ಡು ಅವನ ಹತ್ತಿರವೇ ಇರುತ್ತದೆ.

ಎಲ್ಲರೂ ಎಳೆದುತರುವ ತಪ್ಪಿಹೋದ ಮಗನ ಸಾಮತಿಯೂ ಅಷ್ಟೇ. ಕಿರಿಮಗ ಬಂದ, ಕೊಬ್ಬಿದ ಕರು ಕಡಿದರು, ಕುಣಿದರು. ಹಿರಿಮಗ ಹೊಲದಿಂದ ಬಂದವನು ಒಳಗೆ ಬರಲಿಲ್ಲ. ನನಗೆ ಒಂದು ಆಡಿನ ಮರಿಯನ್ನೂ ಕೊಡಲಿಲ್ಲವಲ್ಲ ಅಂತ ಅಂಗಳದಲ್ಲೇ ನಿಂತು ಕೇಳಿದ. ಅಪ್ಪ ಹೊರಗೆ ಬಂದು ಸಮಾಧಾನ ಹೇಳಿದ. ಲೂಕನ ಸುವಾರ್ತೆ ಅಲ್ಲಿಗೆ ನಿಲ್ಲಿಸುತ್ತದೆ. ಅವನು ಒಳಗೆ ಹೋದನೋ ಇಲ್ಲವೋ, ಹೇಳುವುದಿಲ್ಲ. ಆ ಧೈರ್ಯ ಇವತ್ತಿನ ಯಾವ ಸಂಪಾದಕನಿಗಿದೆ? ಹಿರಿಮಗನನ್ನು ಕೊರಳಪಟ್ಟಿ ಹಿಡಿದು ಒಳಗೆ ದೂಡಿ ಫೋಟೋ ತೆಗೆಸುತ್ತಾರೆ.

ದಾರಿ ತಪ್ಪಿದ ಹೆಂಡತಿಯನ್ನು ಮತ್ತೆ ಮನೆಗೆ ಕರೆತಂದ ಹೋಶೇಯ ಪ್ರವಾದಿಯ ಕಥೆಯನ್ನು ಫ್ರಾನ್ಸಿನ್ ರಿವರ್ಸ್ ಕ್ಯಾಲಿಫೋರ್ನಿಯಾದ ಚಿನ್ನದ ಗಣಿಗಳ ಕಾಲಕ್ಕೆ ತಂದರು. 'ರಿಡೀಮಿಂಗ್ ಲವ್', 1991. ಲಕ್ಷಗಟ್ಟಲೆ ಖರ್ಚಾಗಿ 2022ರಲ್ಲಿ ಸಿನಿಮಾ ಕೂಡ ಆಯಿತು. ಬಾಲ್ಯದಲ್ಲೇ ವೇಶ್ಯಾವಾಟಿಕೆಗೆ ಮಾರಲ್ಪಟ್ಟವಳು ನಾಯಕಿ. ಅವಳು ಏಟು ತಿಂದು ಅರೆಪ್ರಜ್ಞೆಯಲ್ಲಿ ಬಿದ್ದಿರುವಾಗ ನಾಯಕ ಮದುವೆಯಾಗುತ್ತೀಯಾ ಅಂತ ಕೇಳುತ್ತಾನೆ. ಅವಳ ಗೊಣಗೇ ಒಪ್ಪಿಗೆಯಾಗುತ್ತದೆ. ಇದು ಪ್ರಣಯವಂತೆ. ಅವಳು ಮತ್ತೆ ಮತ್ತೆ ಓಡಿಹೋದರೆ ಅದು ಅವಳ ಪಾಪವಂತೆ. ಪಾಪ, ಹೋಶೇಯನ ಪುಸ್ತಕದಲ್ಲಿ ಆ ಹೆಂಡತಿ ಗೋಮೆರಳಿಗೆ ತಾನಾಗಿ ಆಡಿದ ಒಂದು ಮಾತೂ ಇಲ್ಲ. ಇಲ್ಲಿ ಮಾತಿದೆ, ಯಾರೂ ಕೇಳುವುದಿಲ್ಲ.

ಸಂಪ್ರದಾಯಸ್ಥ ಕ್ರೈಸ್ತ ಪಂಗಡವಾದ ಆಮಿಷ್ ಜನರ ಪ್ರಣಯಗಳದ್ದು ಇನ್ನೊಂದು ಜಾತ್ರೆ. 1997ರಲ್ಲಿ ಬೆವರ್ಲಿ ಲೂಯಿಸ್ ಅವರ 'ದ ಶನಿಂಗ್' ಗೆದ್ದಿತು. 2012ರ ಹೊತ್ತಿಗೆ ವರ್ಷಕ್ಕೆ 85 ಹೊಸ ಪುಸ್ತಕ, ಅಂದರೆ ನಾಲ್ಕು ದಿನಕ್ಕೊಂದು. ಬರೆಯುವವರು ಬಹುಪಾಲು ಆಮಿಷ್ ಅಲ್ಲ. ಫೋಟೋಗೆ ಮುಖ ಕೊಡಲು ಒಪ್ಪದ ಜನರ ಕಥೆಗೆ, ಹುಬ್ಬು ತೀಡಿಸಿಕೊಂಡ ಮಾಡೆಲ್ ತಲೆಗೆ ಬಿಳಿ ಟೋಪಿ ಹಾಕಿಸಿದ ಮುಖಪುಟ.

ಅದೇ ಆಮಿಷರಿರುವ ಪೆನ್ಸಿಲ್ವೇನಿಯಾದ ನಿಕಲ್ ಮೈನ್ಸ್‌ನಲ್ಲಿ 2006ರ ಅಕ್ಟೋಬರ್ 2ರಂದು ಒಬ್ಬ ಆಮಿಷ್ ಶಾಲೆಗೆ ನುಗ್ಗಿ ಹತ್ತು ಹುಡುಗಿಯರಿಗೆ ಗುಂಡಿಟ್ಟ. ಐವರು ಸತ್ತರು. ಅವನೂ ಗುಂಡು ಹಾರಿಸಿಕೊಂಡ. ಆಮಿಷರು ಅವನ ಹೆಂಡತಿಯ ಮನೆಗೆ ಹೋಗಿ ಸಾಂತ್ವನ ಹೇಳಿದರು, ಅವನ ಮಣ್ಣಿಗೂ ಹೋದರು. ಜಗತ್ತು ಅದನ್ನು ನೆನಪಿಟ್ಟುಕೊಂಡಿತು. ಇನ್ನೊಂದನ್ನು ಅಷ್ಟಾಗಿ ನೆನಪಿಟ್ಟುಕೊಳ್ಳಲಿಲ್ಲ. ಬದುಕುಳಿದು ಗಾಲಿಕುರ್ಚಿ ಹಿಡಿದ ಹುಡುಗಿಯೊಬ್ಬಳ ಮನೆಗೆ ಹಂತಕನ ತಾಯಿ ವಾರವಾರವೂ ಹೋಗುತ್ತಿದ್ದರು. ಮಗುವಿಗೆ ಸ್ನಾನ ಮಾಡಿಸುತ್ತಿದ್ದರು, ಪುಸ್ತಕ ಓದಿ ಹೇಳುತ್ತಿದ್ದರು. ವರ್ಷಗಟ್ಟಲೆ. ತಪ್ಪು ಅವರದ್ದಲ್ಲ, ಆದರೂ ಸಾಲ ತಮ್ಮದು ಅಂದುಕೊಂಡರು. ಇದರಲ್ಲಿ ಮದುವೆಯಿಲ್ಲ, ಹಾಗಾಗಿ ಮುಖಪುಟವೂ ಇಲ್ಲ.

ಕ್ಷಮೆಯನ್ನು ಕೋಟಿಗಟ್ಟಲೆ ಮಾರಿದ ಪುಸ್ತಕ ಬೇಕೆಂದರೆ 2007ರ 'ದ ಶ್ಯಾಕ್'. ಮಗಳನ್ನು ಕೊಂದವನನ್ನು ತಂದೆ ಕ್ಷಮಿಸುವ ಕಥೆ. ಹೊಡೆಯುತ್ತಿದ್ದ ತನ್ನ ಅಪ್ಪನನ್ನೂ ಕ್ಷಮಿಸುತ್ತಾನೆ. ಬರೆದವರು ಪಾಲ್ ಯಂಗ್, ಪ್ರಕಟಿಸಲು ಕಂಪನಿ ಕಟ್ಟಿದವರು ಅವರ ಇಬ್ಬರು ಗೆಳೆಯರು. 2010ರಲ್ಲಿ ರಾಯಲ್ಟಿ ಲೆಕ್ಕಕ್ಕೆ ಪರಸ್ಪರ ಕೋರ್ಟಿಗೆ ಹೋದರು. ಕೊಲೆಗಾರನಿಗೆ ಮಾಫಿ. ಪಾಲುದಾರನಿಗೆ ನೋಟಿಸು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ.

ಇಷ್ಟೆಲ್ಲ ಕ್ಷಮೆಯ ದೊಡ್ಡ ಸಗಟು ವ್ಯಾಪಾರಿ ಯಾರು ಗೊತ್ತೆ? ಹಾರ್ಪರ್‌ಕಾಲಿನ್ಸ್. 1988ರಲ್ಲಿ, ಇನ್ನೂ ಹಾರ್ಪರ್ ಅಂಡ್ ರೋ ಆಗಿದ್ದಾಗಲೇ, ಝೊಂಡರ್ವನ್ ಕೊಂಡಿತು. 2012ರಲ್ಲಿ ಥಾಮಸ್ ನೆಲ್ಸನ್ ಸೇರಿತು. 2014ರಲ್ಲಿ ಹಾರ್ಲೆಕ್ವಿನ್ ಬಂತು, ಅದರ ಜೊತೆ ಕ್ರೈಸ್ತ ಪ್ರಣಯದ 'ಲವ್ ಇನ್‌ಸ್ಪೈರ್ಡ್' ಮಾಲಿಕೆಯೂ. ಬೈಬಲ್ಲನ್ನೂ ಮಾರುತ್ತದೆ. 'ಸೇಟಾನಿಕ್ ಬೈಬಲ್' ಎಂಬ ಸೈತಾನನ ಗ್ರಂಥವನ್ನೂ ಇದರದೇ ಏವನ್ ಶಾಖೆ ಮಾರುತ್ತದೆ. ಎರಡೂ ಕಡೆ ಖಾತೆ ಇರುವುದು ಜಾಣತನ.

ಹಾರ್ಪರ್‌ಕಾಲಿನ್ಸ್‌ನ ಹಿಂದೆ ಇರುವುದು ರೂಪರ್ಟ್ ಮರ್ಡಾಕ್ ಕುಟುಂಬ. ತಾನು ಸತ್ತ ಮೇಲೆ ಸಾಮ್ರಾಜ್ಯ ಹಿರಿಮಗ ಲಾಕ್ಲನ್ ಒಬ್ಬನ ಹಿಡಿತದಲ್ಲೇ ಉಳಿಯಲಿ ಎಂದು ಅಪ್ಪ ಕುಟುಂಬದ ಟ್ರಸ್ಟ್ ತಿದ್ದಲು ಹೊರಟರು. ಮಕ್ಕಳಾದ ಪ್ರುಡೆನ್ಸ್, ಎಲಿಜಬೆತ್, ಜೇಮ್ಸ್ ತಿರುಗಿಬಿದ್ದರು. 2024ರಲ್ಲಿ ನೆವಾಡದ ಕೋರ್ಟಿನಲ್ಲಿ ಮುಚ್ಚಿದ ಬಾಗಿಲ ಹಿಂದೆ ವಿಚಾರಣೆ ನಡೆಯಿತು, ಡಿಸೆಂಬರ್‌ನಲ್ಲಿ ಅಪ್ಪನ ವಿರುದ್ಧ ತೀರ್ಪು ಬಂತು. 2025ರ ಸೆಪ್ಟೆಂಬರ್‌ನಲ್ಲಿ ರಾಜಿ. ಮೂವರಿಗೂ ತಲಾ ಸುಮಾರು 110 ಕೋಟಿ ಡಾಲರ್, ಸಾಮ್ರಾಜ್ಯ ಲಾಕ್ಲನ್‌ಗೆ. ಈ ನಡುವೆ 2024ರ ಜೂನ್‌ನಲ್ಲಿ 93ರ ಅಪ್ಪ ಐದನೇ ಮದುವೆಯನ್ನೂ ಮಾಡಿಕೊಂಡರು.

ಕುಟುಂಬವಿದೆ. ಜಗಳವಿದೆ. ರಾಜಿಯಿದೆ. ಇಳಿವಯಸ್ಸಿನ ಪ್ರಣಯವೂ ಇದೆ. ಆದರೂ ಈ ಹಸ್ತಪ್ರತಿ ಝೊಂಡರ್ವನ್‌ಗೆ ಹೋದರೆ ಸಂಪಾದಕರು ಖಂಡಿತ ವಾಪಸ್ ಕಳಿಸುತ್ತಾರೆ: ಹೆಣ್ಣುಮಕ್ಕಳು ಕ್ಷಮಿಸುವುದು ಬಿಟ್ಟು ವಕೀಲರನ್ನು ಇಟ್ಟುಕೊಂಡಿದ್ದಾರೆ, ತಿದ್ದಿ ಬರೆಯಿರಿ.