ತುಂಗಾ ಗೋಳಾರ್ಧ, ಭದ್ರಾ ಗೋಳಾರ್ಧ: ಚಳಿಯ ದಾಖಲೆಗಳ ಬಗ್ಗೆ ಒಂದು ಮೀಮಾಂಸೆ

ಯಾವ ಶಾಸ್ತ್ರಗ್ರಂಥವಾದರೂ ಅನುಬಂಧ ಚತುಷ್ಟಯದಿಂದಲೇ ಆರಂಭವಾಗಬೇಕೆಂಬುದು ಹಿರಿಯರ ಕಟ್ಟಳೆ. ಮೊದಲು ಅದನ್ನು ಮುಗಿಸೋಣ. ಈ ಪ್ರಬಂಧದ ವಿಷಯ, ಚಳಿ. ಪ್ರಯೋಜನ, ಶಿವಮೊಗ್ಗದಲ್ಲಿ ಚಳಿ ಹೆಚ್ಚೋ ಭದ್ರಾವತಿಯಲ್ಲಿ ಹೆಚ್ಚೋ ಎಂಬ ತಕರಾರಿನ ಇತ್ಯರ್ಥ. ಸಂಬಂಧ, ಈ ಎರಡೂರುಗಳಿಗೂ ದಕ್ಷಿಣ ಧ್ರುವಕ್ಕೂ ಇದ್ದು ಇದುವರೆಗೆ ವಿದ್ವಾಂಸರ ಕಣ್ಣಿಗೆ ಬೀಳದ ನಂಟು. ಇನ್ನು ಅಧಿಕಾರಿ, ಅಂದರೆ ಇದನ್ನು ಓದುವ ಅರ್ಹತೆ ಉಳ್ಳವನು: ಧನುರ್ಮಾಸದ ಬೆಳಗಿನ ಜಾವ ಐದಕ್ಕೆ ತಣ್ಣೀರು ಮುಟ್ಟಿದವನು. ಬಚ್ಚಲೊಲೆಯ ಮೇಲೆ ಹಂಡೆ ಕಾಯುವ ತನಕ ಕಂಬಳಿಯೊಳಗೇ ಇದ್ದು, ಆಮೇಲೆ ಹೊರಗೆ ಬಂದು ‘ಈ ಸಲ ಚಳಿಯೇ ಇಲ್ಲ ಮಾರಾಯ’ ಎನ್ನುವವರು ಇಲ್ಲೇ ಪುಟ ಮಗುಚಬಹುದು.

ಪೂರ್ವಪಕ್ಷವನ್ನು ಮೋಸವಿಲ್ಲದೆ ಮಂಡಿಸಬೇಕು. ವಿಶ್ವ ಹವಾಮಾನ ಸಂಸ್ಥೆಯ ದಫ್ತರದ ಪ್ರಕಾರ ನೆಲದ ಮೇಲಿನ ಉಪಕರಣ ಅಳೆದ ಅತಿ ಕಡಿಮೆ ಉಷ್ಣಾಂಶ ಮೈನಸ್ 89.2 ಡಿಗ್ರಿ ಸೆಲ್ಸಿಯಸ್. ದಿನ, 1983ರ ಜುಲೈ 21. ಸ್ಥಳ, ಅಂಟಾರ್ಕ್ಟಿಕಾದ ವೋಸ್ತೋಕ್ ಎಂಬ ಸೋವಿಯತ್ ಕೇಂದ್ರ. ಜುಲೈ ಎಂದರೆ ನಮ್ಮಲ್ಲಿ ಕೊಡೆ ಒಣಗದ ತಿಂಗಳು; ಅವರಿಗೆ ನಡುಚಳಿಗಾಲ. ಉತ್ತರ ಗೋಳಾರ್ಧದ ದಾಖಲೆ ಗ್ರೀನ್‌ಲ್ಯಾಂಡಿನ ಕ್ಲಿಂಕ್ ಎಂಬಲ್ಲಿಯದು, 1991ರ ಡಿಸೆಂಬರ್ 22ರಂದು ಮೈನಸ್ 69.6. ಅಲ್ಲಿ ನಡುಗುವುದಕ್ಕೆ ಮನುಷ್ಯರಿರಲಿಲ್ಲ, ಯಂತ್ರವೊಂದು ಅಳೆದಿಟ್ಟುಕೊಂಡಿತ್ತು. ಆ ಅಂಕಿ ಕಡತದಲ್ಲೇ ಮಲಗಿ, ಸಂಸ್ಥೆಯ ಒಪ್ಪಿಗೆ ಪಡೆದದ್ದು 2020ರಲ್ಲಿ. ಇದನ್ನು ಓದಿದ ಮೇಲೆ ನಮ್ಮ ತಾಲ್ಲೂಕು ಕಚೇರಿಗಳ ಬಗ್ಗೆ ಪ್ರಬಂಧಕಾರನ ಗೌರವ ಇಮ್ಮಡಿಯಾಗಿದೆ.

ಎರಡು ಗೋಳಾರ್ಧಗಳ ನಡುವೆ ಇಪ್ಪತ್ತು ಡಿಗ್ರಿಯ ಅಂತರ ಯಾಕೆ? ಉತ್ತರ ಧ್ರುವದಲ್ಲಿ ಹಿಮದ ಹಾಸಿನ ಕೆಳಗಿರುವುದು ಸಮುದ್ರ. ಅದರ ಬಿಸಿ ಸ್ವಲ್ಪ ಸ್ವಲ್ಪವಾಗಿ ಮೇಲಕ್ಕೆ ಸೋರುತ್ತದೆ. ದಕ್ಷಿಣದಲ್ಲಿ ಇರುವುದು ಖಂಡ, ಅದರ ಮೇಲೆ ಕಿಲೋಮೀಟರುಗಟ್ಟಲೆ ದಪ್ಪದ ಹಿಮ. ವೋಸ್ತೋಕ್ ಇರುವ ಎತ್ತರವೇ 3,488 ಮೀಟರು. ಇಲ್ಲಿ ನಮ್ಮ ಮೊದಲ ಆಕ್ಷೇಪಣೆ ಇದೆ. ಅಟ್ಟ ಹತ್ತಿ ಅಳೆದವರನ್ನೂ ಅಂಗಳದಲ್ಲಿ ನಿಂತವರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸುವುದು ಯಾವ ನ್ಯಾಯ? ಶಿವಮೊಗ್ಗ ಇರುವುದು 570 ಮೀಟರಿನ ಆಸುಪಾಸಿನಲ್ಲಿ. ಕಿಲೋಮೀಟರು ಮೇಲೇರಿದರೆ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ ಎಂಬುದು ವಿಜ್ಞಾನಿಗಳದೇ ಲೆಕ್ಕ. ಶಿವಮೊಗ್ಗದ ದುರ್ಗಿಗುಡಿಯನ್ನು ಹಾಗೇ ಎತ್ತಿ ವೋಸ್ತೋಕಿನ ಎತ್ತರದಲ್ಲಿಟ್ಟರೆ 19 ಡಿಗ್ರಿ ಕಳೆಯಬೇಕು. ಜನವರಿಯ ಒಂದು ಸಾಧಾರಣ ಬೆಳಗಿನ 14 ಡಿಗ್ರಿ ಆಗ ಮೈನಸ್ 5 ಆಗುತ್ತದೆ. ಇನ್ನು 84 ಡಿಗ್ರಿ ಮಾತ್ರ ಬಾಕಿ.

ಅದನ್ನೂ ತುಂಬಿಕೊಡಲು ಸಾಕ್ಷಾತ್ ಸೆಲ್ಸಿಯಸ್ ಮಹಾಶಯರೇ ಬರುತ್ತಾರೆ. ಆಂಡರ್ಸ್ ಸೆಲ್ಸಿಯಸ್ 1742ರಲ್ಲಿ ರೂಪಿಸಿದ ಮಾಪಕದಲ್ಲಿ ನೀರು ಕುದಿಯುವುದು ಸೊನ್ನೆಗೆ, ಹೆಪ್ಪುಗಟ್ಟುವುದು ನೂರಕ್ಕೆ. ಚಳಿ ಹೆಚ್ಚಿದಷ್ಟೂ ಅಂಕ ಹೆಚ್ಚು. ಚಳಿಗೆ ಸಲ್ಲಬೇಕಾದ ಮರ್ಯಾದೆ ಅದರಲ್ಲಿತ್ತು. ಅವರು ತೀರಿಕೊಂಡ ಮೇಲೆ ಉಳಿದವರು ಅದನ್ನು ತಲೆಕೆಳಗು ಮಾಡಿದರು. ಮೂಲ ಮಾಪಕದಲ್ಲಿ ವೋಸ್ತೋಕಿಗೆ 189.2, ಶಿವಮೊಗ್ಗಕ್ಕೆ 86. ಅಂದರೆ ಶೇಕಡಾ 45. ಎಸ್ಸೆಸ್ಸೆಲ್ಸಿಯಲ್ಲಿ 35 ಬಂದರೆ ಪಾಸು ಎನ್ನುತ್ತಿದ್ದರು.

ಈಗ ಸೈಬೀರಿಯಾ. ಅಲ್ಲಿ ವೆರ್ಖೊಯಾನ್ಸ್ಕ್ ಎಂಬ ಪಟ್ಟಣ, ಒಯ್ಮ್ಯಾಕೋನ್ ಎಂಬ ಹಳ್ಳಿ. ಮೊದಲನೆಯದು 1892ರ ಫೆಬ್ರವರಿಯಲ್ಲಿ ಮೈನಸ್ 67.8ಕ್ಕೆ ಇಳಿಯಿತು, ಎರಡನೆಯದು 1933ರ ಫೆಬ್ರವರಿ 6ರಂದು ಮೈನಸ್ 67.7ಕ್ಕೆ. ಇದ್ದದ್ದು ಒಂದು ಡಿಗ್ರಿಯ ಹತ್ತನೇ ಒಂದು ಪಾಲಿನ ವ್ಯತ್ಯಾಸ. ಅಷ್ಟಕ್ಕೇ ‘ಶೀತಧ್ರುವ’ ಎಂಬ ಬಿರುದಿಗಾಗಿ ಎರಡೂ ಊರು ಇವತ್ತಿಗೂ ಹಗ್ಗಜಗ್ಗಾಡುತ್ತವೆ, ಎರಡೂ ಸ್ಮಾರಕ ನಿಲ್ಲಿಸಿಕೊಂಡಿವೆ. ಒಯ್ಮ್ಯಾಕೋನಿನ ಸ್ಮಾರಕ ಸಾರುವ ಅಂಕಿ ಮೈನಸ್ 71.2. ಅದನ್ನು ಉಷ್ಣಮಾಪಕದಲ್ಲಿ ಕಂಡವರಿಲ್ಲ. ಸೆರ್ಗೆಯ್ ಒಬ್ರುಚೆವ್ ಎಂಬ ಭೂವಿಜ್ಞಾನಿ 1920ರ ದಶಕದಲ್ಲಿ ಅತ್ತ ಹೋದಾಗ ಲೆಕ್ಕಹಾಕಿ ಊಹಿಸಿದ ಅಂಕಿ ಅದು. ನಮ್ಮ ಪಾಲಿಗೆ ಇದು ಬಹುದೊಡ್ಡ ಪ್ರಮಾಣ. ದಾಖಲೆಗೆ ಅಳತೆ ಬೇಕಿಲ್ಲ, ಕಲ್ಲು ಬೇಕು. ಶಿವಮೊಗ್ಗದ ಗೋಪಿ ಸರ್ಕಲ್ಲಿನಲ್ಲಿ ಒಂದು, ಭದ್ರಾವತಿಯ ರಂಗಪ್ಪ ಸರ್ಕಲ್ಲಿನಲ್ಲಿ ಒಂದು ನೆಡಿಸಲು ಎಷ್ಟು ಖರ್ಚಾದೀತು?

ಬೆಂಗಳೂರಿನವರು ಆಗಲೇ ಇಂಥ ಮಾನಸಿಕ ಕಲ್ಲೊಂದನ್ನು ನೆಟ್ಟುಕೊಂಡಿದ್ದಾರೆ. 1884ರ ಜನವರಿ 13ರಂದು ಅಲ್ಲಿ 7.8 ಡಿಗ್ರಿ ಇತ್ತು. ಚಾಮರಾಜೇಂದ್ರ ಒಡೆಯರ ಕಾಲದ ಆ ಚಳಿಯನ್ನು ಪ್ರತಿ ಜನವರಿಯಲ್ಲೂ ಪತ್ರಿಕೆಗಳು ಪೆಟ್ಟಿಗೆಯಿಂದ ತೆಗೆದು, ಕೊಡವಿ, ಮತ್ತೆ ಮಡಚಿಡುತ್ತವೆ.

ಮಲೆನಾಡಿನ ಚಳಿ ಹುಟ್ಟುವ ಬಗೆಯನ್ನು ಬೇಗ ಹೇಳಿ ಮುಗಿಸುತ್ತೇನೆ. ಹಿಂಗಾರು ಹಿಂದೆ ಸರಿದ ಮೇಲೆ ಆಕಾಶ ತಿಳಿಯಾಗುತ್ತದೆ, ಗಾಳಿ ಒಣಗುತ್ತದೆ. ಹಗಲು ಕಾದ ನೆಲ ರಾತ್ರಿ ತನ್ನ ಬಿಸಿಯನ್ನು ಆಕಾಶಕ್ಕೆ ಬಿಟ್ಟುಕೊಡುತ್ತದೆ, ಮೋಡವಿದ್ದರೆ ತಡೆಯುತ್ತಿತ್ತು. ಹೀಗೆ ಕಳೆದುಕೊಳ್ಳುತ್ತಾ ಹೋಗಿ ಪಾದರಸ ತಳ ಮುಟ್ಟುವುದು ನಡುರಾತ್ರಿಯಲ್ಲಲ್ಲ, ಸೂರ್ಯ ಹುಟ್ಟುವ ಹೊತ್ತಿಗೆ. ಸೈಬೀರಿಯಾದ ಅಸಲಿ ಗಾಳಿ ಇತ್ತ ಬಾರದಂತೆ ಹಿಮಾಲಯ ಅಡ್ಡ ನಿಂತಿದೆ. ನಮ್ಮ ದಾಖಲೆಗಳಿಗೆ ಇಷ್ಟು ದೊಡ್ಡ ಅಡ್ಡಿ ಇನ್ನೊಂದಿಲ್ಲ.

ಇನ್ನು ಸ್ವಮತ. ಉಷ್ಣಮಾಪಕವನ್ನು ನೆಲದಿಂದ ಒಂದಾಳು ಎತ್ತರದೊಳಗೆ, ಬಿಳಿ ಬಣ್ಣದ ಜಾಲರಿ ಪೆಟ್ಟಿಗೆಯಲ್ಲಿಟ್ಟು, ಬಿಸಿಲು ಬೀಳದಂತೆ ಬಾಗಿಲನ್ನು ಉತ್ತರ ಗೋಳಾರ್ಧದಲ್ಲಿ ಉತ್ತರಕ್ಕೂ ದಕ್ಷಿಣದಲ್ಲಿ ದಕ್ಷಿಣಕ್ಕೂ ಇಡಬೇಕೆಂಬುದು ಶಾಸ್ತ್ರ. ಪೆಟ್ಟಿಗೆಯ ವಾಸ್ತುವನ್ನು ನಾವು ಪ್ರಶ್ನಿಸುವುದಿಲ್ಲ. ಆದರೆ ಬೆಳಗ್ಗೆ ಆರಕ್ಕೆ ಬಸ್‌ಸ್ಟ್ಯಾಂಡಿನಲ್ಲಿ ಮಂಕಿ ಟೋಪಿ ಹಾಕಿ ನಿಂತವನು ಪೆಟ್ಟಿಗೆಯೊಳಗಿಲ್ಲ. ಅವನ ಚಳಿಗೆ ಬೇರೆ ಪ್ರಮಾಣಗಳು ಬೇಕು.

ಪ್ರತ್ಯಕ್ಷ ಪ್ರಮಾಣ ಕೊಬ್ಬರಿ ಎಣ್ಣೆ. ಅದು ಸುಮಾರು 24 ಡಿಗ್ರಿಯ ಕೆಳಗೆ ಗಟ್ಟಿಯಾಗುತ್ತದೆ. ಶಿವಮೊಗ್ಗದ ಮನೆಗಳಲ್ಲಿ ಜನವರಿಯ ಬೆಳಗ್ಗೆ ಬಾಟಲಿಯ ಬಾಯಿಗೆ ಪೊರಕೆಕಡ್ಡಿ ಹಾಕಿ ತಿರುವುವ ದೃಶ್ಯ ಸಾಮಾನ್ಯ. ವೋಸ್ತೋಕಿನವರು ತಮ್ಮಲ್ಲಿ ಕೊಬ್ಬರಿ ಎಣ್ಣೆ ಗಟ್ಟಿಯಾಯಿತೆಂದು ಎಂದಾದರೂ ದೂರಿದ್ದಾರೆಯೇ? ಇಡ್ಲಿ ಹಿಟ್ಟು ಉಬ್ಬಲಿಲ್ಲ, ಹಾಲಿಗೆ ಬಿಟ್ಟ ಹೆಪ್ಪು ಹತ್ತು ಗಂಟೆಯಾದರೂ ಕೂಡಲಿಲ್ಲ ಎಂಬುದೂ ಅವರ ವರದಿಗಳಲ್ಲಿ ಇರಲಾರದು.

ಅನುಮಾನ ಪ್ರಮಾಣದಲ್ಲಿ ತೊಡಕಿದೆ. ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ ಎನ್ನುತ್ತಾರೆ ನೈಯಾಯಿಕರು. ಶಾಲೆಗೆ ಹೊರಟ ಮಕ್ಕಳ ಬಾಯಿಂದ ಹೊರಡುವ ಹೊಗೆಗೆ ಬೆಂಕಿಯೂ ಇಲ್ಲ, ಬೀಡಿಯೂ ಇಲ್ಲ. ನ್ಯಾಯಶಾಸ್ತ್ರ ರಚನೆಯಾದದ್ದು ಬೇಸಿಗೆಯಲ್ಲಿ ಎಂದಷ್ಟೇ ಹೇಳಿ ಮುಂದುವರಿಯುತ್ತೇನೆ.

ಶಬ್ದ ಪ್ರಮಾಣ ಅಜ್ಜಿಯರದು. ‘ನನ್ನ ಜನ್ಮದಲ್ಲೇ ಇಂಥ ಚಳಿ ಕಂಡಿಲ್ಲ ಕಣೋ’ ಎಂಬ ಆಪ್ತವಾಕ್ಯ ಪ್ರತಿ ವರ್ಷವೂ ಬರುತ್ತದೆ. ಅಜ್ಜಿ ಸುಳ್ಳು ಹೇಳುವವಳಲ್ಲ. ಹಾಗಾದರೆ ಪ್ರತಿ ವರ್ಷವೂ ಹಿಂದಿನ ದಾಖಲೆ ಮುರಿಯುತ್ತಿದೆ. ವರ್ಷಕ್ಕೆ ಒಂದೇ ಡಿಗ್ರಿ ಎಂದಿಟ್ಟುಕೊಂಡರೂ, 14ರಿಂದ ಹೊರಟು 288ನೇ ವರ್ಷಕ್ಕೆ ಮೈನಸ್ 273.15ರ ಪರಮ ಶೂನ್ಯವನ್ನು ದಾಟಬೇಕು. ಅಜ್ಜಿಯರ ಪರಂಪರೆ ಅದಕ್ಕಿಂತ ಹಳೆಯದು. ದಾಟಿಯಾಗಿದೆ, ಯಾರೂ ಗಮನಿಸಿಲ್ಲ.

ಚಳಿಗಾಳಿಯ ಸೂತ್ರವೊಂದೂ ಇದೆ. ಪಾಲ್ ಸೈಪಲ್ ಮತ್ತು ಚಾರ್ಲ್ಸ್ ಪ್ಯಾಸೆಲ್ ಎಂಬ ಅಮೆರಿಕನ್ನರು 1940ರ ದಶಕದ ಆರಂಭದಲ್ಲಿ ಅಂಟಾರ್ಕ್ಟಿಕಾದ ಗಾಳಿಗೆ ನೀರಿನ ಡಬ್ಬಿ ತೂಗಹಾಕಿ, ಎಷ್ಟು ಹೊತ್ತಿಗೆ ಗಡ್ಡೆಯಾಗುತ್ತದೆಂದು ನೋಡುತ್ತಾ ಕೂತರು. ಆ ವಿದ್ಯೆಯ ಈಗಿನ ಉತ್ತರ ಅಮೆರಿಕದ ಸೂತ್ರ 10 ಡಿಗ್ರಿಗಿಂತ ಹೆಚ್ಚಿದ್ದರೆ ಅನ್ವಯಿಸುವುದಿಲ್ಲವಂತೆ. ಇದು ನೇರವಾಗಿ ಶಿವಮೊಗ್ಗ ಜಿಲ್ಲೆಯನ್ನು ಹೊರಗಿಡಲು ಮಾಡಿದ ಹುನ್ನಾರ. ನಿಷೇಧ ಮೀರಿ, ಭದ್ರಾವತಿಯಿಂದ ಶಿವಮೊಗ್ಗಕ್ಕೆ 14 ಡಿಗ್ರಿಯಲ್ಲಿ ಗಂಟೆಗೆ 50 ಕಿಲೋಮೀಟರು ವೇಗದಲ್ಲಿ ಬೈಕ್ ಓಡಿಸುವವನಿಗೆ ಆ ಸೂತ್ರ ಹಚ್ಚಿದರೆ 11 ಬರುತ್ತದೆ. ಬರೀ 11. ಸೂತ್ರ ನಂಬಲರ್ಹವಲ್ಲವೆಂದು ಇದರಿಂದ ಸಿದ್ಧವಾಯಿತು.

ಇನ್ನು ಗೋಳಾರ್ಧಗಳು. ಶಿವಮೊಗ್ಗ ತುಂಗೆಯದು, ಭದ್ರಾವತಿ ಭದ್ರೆಯದು, ಕೂಡಲಿಯ ಸಂಗಮವೇ ಸಮಭಾಜಕ ವೃತ್ತ. ತುಂಗಾ ಪಕ್ಷದ ವಾದ: ತುಂಗಾ ಪಾನ, ಗಂಗಾ ಸ್ನಾನ ಎಂದ ಹಿರಿಯರು ತುಂಗೆಯಲ್ಲಿ ಸ್ನಾನ ಮಾಡಿ ಎನ್ನಲಿಲ್ಲ. ಒಮ್ಮೆ ಮುಳುಗಿ ಎದ್ದವರು ಹೇಳಿದ ಮಾತದು. ಸಕ್ರೆಬೈಲಿನ ಬಿಡಾರದ ಆನೆಗಳು ದಿನಾ ಬೆಳಗ್ಗೆ ಆ ನೀರಿಗಿಳಿಯುತ್ತವೆ ಎಂಬ ಪ್ರತಿವಾದಕ್ಕೆ, ಆನೆಯ ಚರ್ಮವನ್ನು ಪ್ರಮಾಣವಾಗಿ ಸ್ವೀಕರಿಸಲಾಗದು ಎಂಬುದೇ ಉತ್ತರ. ತುಂಗಾ ಪಕ್ಷದವರು ಇನ್ನೊಂದು ಬಾಣ ಬಿಡುತ್ತಾರೆ: ಹಿಂದೆ ಬೆಂಕಿಪುರ ಎನಿಸಿಕೊಂಡಿದ್ದ ಊರಿನವರು ಚಳಿಯ ಮಾತಾಡಬಾರದು, ಮೇಲಾಗಿ ಅಲ್ಲಿ ಕಬ್ಬಿಣದ ಕಾರ್ಖಾನೆಯ ಕುಲುಮೆ ಬೇರೆ.

ಭದ್ರಾ ಪಕ್ಷದವರು ಇದಕ್ಕೆ ರಸಾಯನಶಾಸ್ತ್ರದಿಂದ ಉತ್ತರಿಸುತ್ತಾರೆ, ಮತ್ತು ಪ್ರಬಂಧಕಾರ ಇಲ್ಲಿ ತಲೆಬಾಗುತ್ತಾನೆ. ಪಾದರಸ ಮೈನಸ್ 38.8ರಲ್ಲೇ ಗಟ್ಟಿಯಾಗಿಬಿಡುತ್ತದೆ. ಆದ್ದರಿಂದ ಕಡುಚಳಿಗೆ ಮದ್ಯಸಾರದ ಮಾಪಕವೇ ಆಗಬೇಕು. 1918ರಲ್ಲಿ ಸ್ಥಾಪನೆಯಾಗಿ 1923ರಲ್ಲಿ ಉತ್ಪಾದನೆ ಆರಂಭಿಸಿದ, ವಿಶ್ವೇಶ್ವರಯ್ಯನವರು ಕೈಹಿಡಿದು ನಡೆಸಿದ ಭದ್ರಾವತಿಯ ಮೈಸೂರು ಕಬ್ಬಿಣದ ಕಾರ್ಖಾನೆ ಬರೀ ಕಬ್ಬಿಣದ್ದಲ್ಲ. ಮಲೆನಾಡಿನ ಕಟ್ಟಿಗೆಯನ್ನು ಸುಟ್ಟು ಇದ್ದಿಲು ಮಾಡುವಾಗ ಹೊರಡುವ ಹಬೆಯನ್ನು ಹಿಡಿದು ಅಲ್ಲಿ ಡಾಂಬರನ್ನೂ ಮೆಥೈಲ್ ಮದ್ಯಸಾರವನ್ನೂ ತೆಗೆಯುತ್ತಿದ್ದರು. ಆ ಮದ್ಯಸಾರ ಹೆಪ್ಪುಗಟ್ಟುವುದು ಮೈನಸ್ 97.6ರಲ್ಲಿ. ಅಂದರೆ ವೋಸ್ತೋಕಿನ ಮೈನಸ್ 89.2ರಲ್ಲೂ ಭದ್ರಾವತಿಯ ಸರಕು ನೀರಾಗಿಯೇ ಹರಿಯುತ್ತಿತ್ತು. ಪೂರ್ವ ಅಂಟಾರ್ಕ್ಟಿಕಾದ ಹಿಮದ ಮೇಲ್ಮೈಯಲ್ಲಿ ಮೈನಸ್ 98ರಷ್ಟು ಕಂಡಿತೆಂದು ಉಪಗ್ರಹಗಳು ಹೇಳುತ್ತವೆ. ಅದನ್ನು ಒಪ್ಪಿದರೆ ನಮ್ಮ ಮದ್ಯಸಾರವೂ ಗಟ್ಟಿಯಾಗುತ್ತದೆ. ಉಪಗ್ರಹಗಳನ್ನು ಒಪ್ಪತಕ್ಕದ್ದಲ್ಲ.

ಕುಲುಮೆಯ ಮಾತಿಗೆ ಭದ್ರಾವತಿಯವರ ಉತ್ತರ ಕೇಳಿ ಮಾತ್ರ ಪ್ರಬಂಧಕಾರನ ನಗೆ ನಿಂತಿತು. ವೆರ್ಖೊಯಾನ್ಸ್ಕಿನಲ್ಲಿ 2020ರ ಜೂನ್ 20ರಂದು 38 ಡಿಗ್ರಿ ಸೆಕೆ ಬಿತ್ತು. ಅದನ್ನು 1892ರ ಚಳಿಯೊಂದಿಗೆ ಕೂಡಿಸಿದರೆ ಆ ಊರು ಕಂಡ ಏರಿಳಿತ 105.8 ಡಿಗ್ರಿ. ಇದೇ ಜಗತ್ತಿನ ದೊಡ್ಡ ಸೋಜಿಗಗಳಲ್ಲೊಂದು ಎನ್ನುತ್ತಾರೆ. ಊದುಕುಲುಮೆಯಿಂದ ಹರಿದು ಬರುವ ಕಬ್ಬಿಣದ ಬಿಸಿ 1,400 ಡಿಗ್ರಿ ಮೀರಿದ್ದು. ಕುಲುಮೆ ಆರಿದರೆ ಅದು ಊರಿನ ಬೆಳಗಿನ 14ಕ್ಕೆ ಬಂದು ನಿಲ್ಲುತ್ತದೆ. ಇಳಿತ 1,386 ಡಿಗ್ರಿ. ಭದ್ರಾವತಿಯ 1936ರ ಕಾಗದ ಕಾರ್ಖಾನೆಯ ಬಾಯ್ಲರುಗಳು ಕಳೆದ ದಶಕದಲ್ಲೇ ತಣ್ಣಗಾದವು. ಕಬ್ಬಿಣ-ಉಕ್ಕಿನ ಆ ಕಾರ್ಖಾನೆಯನ್ನೂ ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಬಂತು, ಅದೂ ಚಳಿಗಾಲದಲ್ಲೇ. ಕಾರ್ಮಿಕರು ತಿಂಗಳುಗಟ್ಟಲೆ ಗೇಟಿನ ಮುಂದೆ ಕೂತ ಮೇಲೆ ಆ ತೀರ್ಮಾನಕ್ಕೆ ತಡೆ ಬಿತ್ತು, ಒಂದಿಷ್ಟು ಕೆಲಸ ಮತ್ತೆ ಶುರುವಾಯಿತು. ಪೇಪರ್ ಟೌನಿನ ಖಾಲಿ ಕ್ವಾರ್ಟರ್ಸ್‌ಗಳ ಚಳಿ ಅಳೆಯಲು ಯಾವ ಪೆಟ್ಟಿಗೆಯನ್ನು ಯಾವ ದಿಕ್ಕಿಗೆ ಇಡಬೇಕೆಂದು ಯಾವ ಸಂಸ್ಥೆಯೂ ಹೇಳಿಲ್ಲ.

ಆದ್ದರಿಂದ ಇತ್ಯರ್ಥ ಹೀಗಿದೆ. ತುಂಗಾ ಪಕ್ಷದ ಅರ್ಜಿ ವಜಾ. ಅತಿ ಹೆಚ್ಚು ತಣ್ಣಗಾದ ಊರೆಂಬ ದಾಖಲೆ ಭದ್ರಾವತಿಯದು. ಭದ್ರಾವತಿಯವರು ಅದನ್ನು ತಮಗೆ ಬೇಡವೆಂದು, ವೋಸ್ತೋಕಿಗೇ ಇರಲೆಂದು, ಕುಲುಮೆಗೆ ಬೆಂಕಿ ಹಾಕಿಸಿಕೊಟ್ಟರೆ ಸಾಕೆಂದು ಕೇಳಿಕೊಂಡಿದ್ದಾರೆ. ಸಂಬಂಧಪಟ್ಟವರು ಗಮನಿಸಬೇಕು.