ಲೈಬ್ರರಿ ಸಾರ್ ಪಾಠ ಮಾಡ್ತಾರಂತೆ!

ಕಾಲೇಜಿನಲ್ಲಿ ಗ್ರಂಥಪಾಲಕ ಯಾವ ಪಂಗಡಕ್ಕೆ ಸೇರಿದವನೆಂಬುದು ಇನ್ನೂ ಇತ್ಯರ್ಥವಾಗಿಲ್ಲ. ಯುಜಿಸಿ ಸಂಬಳಕ್ಕೆ ಮೇಷ್ಟ್ರುಗಳ ಸಾಲು. ಗ್ರೂಪ್ ಫೋಟೋಕ್ಕೆ ಗುಮಾಸ್ತರ ಸಾಲು. ಹುಡುಗರಿಗೆ ನಮ್ಮ ನೆನಪಾಗುವುದು ವರ್ಷದ ಕೊನೆಗೆ, ನೋ ಡ್ಯೂ ಸಹಿಗೆ. ಇಂಥವನನ್ನು ಕರೆದು "ಹೊಸ ಮಕ್ಕಳಿಗೆ ಲೈಬ್ರರಿ ಬಳಸೋದು ಹೇಗೆ ಅಂತ ಕ್ಲಾಸ್ ತಗೊಳ್ಳಿ" ಎಂದು ಪ್ರಿನ್ಸಿಪಾಲರು ಅಪ್ಪಣೆ ಕೊಡಿಸಿದರೆ ಏನಾಗಬೇಡ? ನಮಗೆ ವರ್ಗೀಕರಣ ಕಲಿಸಿದ್ದರು, ಸೂಚೀಕರಣ ಕಲಿಸಿದ್ದರು. ತುಂಬಿದ ತರಗತಿಯ ಮುಂದೆ ಬಾಯಿ ಬಿಡುವುದನ್ನು ಯಾರೂ ಕಲಿಸಿರಲಿಲ್ಲ. ನಮಗೆ ರೂಢಿಯಿದ್ದ ಭಾಷಣಗಳು ಎರಡೇ: "ಶ್!" ಮತ್ತು "ಫೈನ್ ಕಟ್ಟಪ್ಪ."

ನಮ್ಮ ವೃತ್ತಿಯ ಮೂಲಪುರುಷರದು ಇದಕ್ಕೆ ತದ್ವಿರುದ್ಧ ಕಷ್ಟ. ಎಸ್. ಆರ್. ರಂಗನಾಥನ್ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಗಣಿತದ ಮೇಷ್ಟ್ರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದ ಮೇಲೆ ಅಲ್ಲಿನ ಮೌನ ಸಹಿಸಲಾರದೆ, ಪಾಠಕ್ಕೇ ವಾಪಸ್ ಕಳಿಸಿ ಎಂದು ಅಂಗಲಾಚಿದರಂತೆ. ಮೊದಲು ಲಂಡನ್ನಿಗೆ ಹೋಗಿಬನ್ನಿ, ಆಮೇಲೆ ನೋಡೋಣ ಎಂದರು ದೊಡ್ಡವರು. ಹೋಗಿಬಂದವರು ಲೈಬ್ರರಿಗೇ ಅಂಟಿಕೊಂಡು 1931ರಲ್ಲಿ ಗ್ರಂಥಾಲಯ ಶಾಸ್ತ್ರದ ಪಂಚಸೂತ್ರಗಳನ್ನು ಪ್ರಕಟಿಸಿದರು. 1962ರಲ್ಲಿ ಬೆಂಗಳೂರಿನಲ್ಲಿ ಡಿಆರ್‌ಟಿಸಿ ಎಂಬ ತರಬೇತಿ ಕೇಂದ್ರ ಸ್ಥಾಪಿಸಿ ಗ್ರಂಥಪಾಲಕರಿಗೇ ಪಾಠ ಹೇಳಿದರು. ಮೇಷ್ಟ್ರ ಚಾಳಿ ಅಷ್ಟು ಸುಲಭಕ್ಕೆ ಬಿಡುವಂಥದ್ದಲ್ಲ.

ಅಂಥವರ ಪಂಚಸೂತ್ರವನ್ನೇ ಬೋರ್ಡಿನ ಮೇಲೆ ಬರೆದು ಶುರು ಮಾಡಿದೆ. ಎರಡನೇ ಬೆಂಚಿನಿಂದ ಪ್ರಶ್ನೆ: "ಸಾರ್, ಇದು ಎಕ್ಸಾಮ್‌ಗೆ ಬರುತ್ತಾ?" "ಇಲ್ಲಪ್ಪ." ತಕ್ಷಣ ಇಡೀ ತರಗತಿಯ ಪೆನ್ನುಗಳ ಕ್ಯಾಪು ಒಂದೇ ತಾಳದಲ್ಲಿ ಟಕ್ಕೆಂದವು. ಬೋಧನಾಕಲೆಯ ಮೇಲಿನ ಯಾವ ಗ್ರಂಥವೂ ಅಷ್ಟು ಸ್ಪಷ್ಟವಾಗಿ ಮಾತಾಡಲಾರದು. ಸೀಮೆಸುಣ್ಣ ಕೆಳಗಿಟ್ಟು, ಎಲ್ಲರನ್ನೂ ಎಬ್ಬಿಸಿಕೊಂಡು ರ‍್ಯಾಕುಗಳ ನಡುವೆ ನಡೆದೆ.

ಅಲ್ಲಿ ಪಾಠ ತಾನಾಗೇ ಹುಟ್ಟಿತು. ಪುಸ್ತಕಗಳ ಬೆನ್ನಿನ ನಂಬರು ತೋರಿಸಿ ಕೇಳಿದೆ: ರ‍್ಯಾಕಿನಲ್ಲಿ 332.642 ಮೊದಲೋ, 332.7 ಮೊದಲೋ? ಕಾಮರ್ಸ್ ಹುಡುಗರೆಲ್ಲ ಏಳಕ್ಕೆ ಓಟು ಹಾಕಿದರು. ಆರುನೂರ ನಲವತ್ತೆರಡು ದೊಡ್ಡದಲ್ಲವೇ! "ಇದನ್ನ ದುಡ್ಡು ಅಂದ್ಕೊಳ್ಳಿ. ಒಂದು ಅರವತ್ನಾಲ್ಕು ಪೈಸೆ ಚಿಲ್ಲರೆ, ಇನ್ನೊಂದು ಎಪ್ಪತ್ತು ಪೈಸೆ" ಎಂದೆ. ದುಡ್ಡೆಂದದ್ದೇ ದಶಮಾಂಶ ಅರ್ಥವಾಯಿತು. ಮೊದಲನೆಯದು ಷೇರುಪೇಟೆ, ಎರಡನೆಯದು ಸಾಲ. ಷೇರುಪೇಟೆ ದಾಟಿದ ಮೇಲೆ ಸಾಲ! ಈ ನಂಬರುಗಳ ಪದ್ಧತಿ ಕಟ್ಟಿದ ಡ್ಯೂಯಿ ಮಹಾಶಯ ಅನುಭವಸ್ಥನಿರಬೇಕು.

ಆಮೇಲೆ ಒಬ್ಬನ ಕೈಗೆ ಕಾರಂತರ 'ಮರಳಿ ಮಣ್ಣಿಗೆ' ಕೊಟ್ಟು, "ಇದರ ಜಾಗ ಎಲ್ಲಿ ಹೇಳು" ಎಂದೆ. ಬೆನ್ನಿನ ನಂಬರಿನ ಚೀಟಿ ಉದುರಿಹೋಗಿದ್ದ ಪ್ರತಿ. ಅವನು ಹೆಸರು ನೋಡಿದವನೇ ಸೀದಾ 630ಕ್ಕೆ, ಕೃಷಿ ವಿಭಾಗಕ್ಕೆ ನಡೆದ. ನಾನು ನಗಲಿಲ್ಲ. ನಗದಿರುವುದೂ ಒಂದು ಬೋಧನಾ ಕೌಶಲ, ಅದೂ ಕಷ್ಟದ್ದು. "ಎರಡು ಪುಟ ಓದಿ ಆಮೇಲೆ ಇಡು" ಎಂದೆ. ಬೆಲ್ ಹೊಡೆದರೂ ಆಸಾಮಿ ರ‍್ಯಾಕಿಗೆ ಒರಗಿ ಓದುತ್ತಲೇ ಇದ್ದ. ಕೊನೆಗೆ ಬಂದು, "ಇದು ಕಾದಂಬರಿ ಸಾರ್, 894.814. ಆದ್ರೆ ಅಲ್ಲಿಡಲ್ಲ, ಮನೆಗೆ ತಗೊಂಡ್ಹೋಗ್ತೀನಿ" ಎಂದ.

ಅಂದಿನಿಂದ ಕೌಂಟರೂ ನನಗೆ ತರಗತಿಯೇ. "ಸಾರ್, ಇಂಡಿಯಾ ಬಗ್ಗೆ ಬುಕ್ ಇದೆಯಾ?" ಎಂದು ಬಂದವಳನ್ನು ಯಾಕಮ್ಮ, ಏನಕ್ಕಮ್ಮ ಎಂದು ಕೆದಕುತ್ತ ಹೋದರೆ ಬೇಕಿರುವುದು ಚನ್ನಪಟ್ಟಣದ ಬೊಂಬೆ! ಈಗ ನಾನೇ ಎದ್ದು ಪುಸ್ತಕ ತಂದುಕೊಡಲೋ, ಹುಡುಕಲು ಬಿಡಲೋ? ಓದುಗನ ಸಮಯ ಉಳಿಸು ಎನ್ನುತ್ತದೆ ರಂಗನಾಥನ್ನರ ನಾಲ್ಕನೇ ಸೂತ್ರ. ತಂದುಕೊಟ್ಟರೆ ಇವತ್ತಿನ ಸಮಯ ಉಳಿಯುತ್ತದೆ. ಕಲಿಸಿದರೆ ಮೂರು ವರ್ಷದ್ದು. ಹೀಗೆಂದು ನಾನು ಕುರ್ಚಿಯಲ್ಲೇ ಕೂತು ರ‍್ಯಾಕಿನತ್ತ ಬೆರಳು ತೋರಿಸುತ್ತೇನೆ. ಅಟೆಂಡರ್ ಇದನ್ನು ಸೋಮಾರಿತನ ಎನ್ನುತ್ತಾನೆ. ಶಿಕ್ಷಣತಜ್ಞರ ಹತ್ತಿರ ಇದಕ್ಕೆ ಒಳ್ಳೆಯ ಹೆಸರೇ ಇದ್ದೀತು.

ಪಾಠದ ಸುದ್ದಿ ಟೈಮ್‌ಟೇಬಲ್ ಕಮಿಟಿಯ ಕಿವಿಗೂ ಬಿದ್ದು, ಈ ಸೆಮಿಸ್ಟರಿನಿಂದ ನನಗೂ ಒಂದು ಖಾಯಂ ಪೀರಿಯಡ್ ದಯಪಾಲಿಸಿದ್ದಾರೆ: ಶನಿವಾರದ ಕೊನೆಯದು. ಬೇರೆ ಮೇಷ್ಟ್ರುಗಳೆಲ್ಲ ಕಾಡಿಬೇಡಿ ತಪ್ಪಿಸಿಕೊಂಡದ್ದಂತೆ. ತಪ್ಪಿಸಿಕೊಳ್ಳುವ ವಿದ್ಯೆಯೊಂದು ಕೈಗೆ ಹತ್ತಿದರೆ ನಾನೂ ಪೂರ್ತಿ ಮೇಷ್ಟ್ರೇ.