ವೃಷಣ (ಜೋಡಿ ಮಾದರಿ): ಬಳಕೆದಾರರ ಕೈಪಿಡಿ

ಕೊಂಡದ್ದಕ್ಕೆ ಧನ್ಯವಾದ ಹೇಳುವ ಹಾಗಿಲ್ಲ, ಇದು ಹುಟ್ಟುತ್ತಲೇ ನಿಮ್ಮ ಜೊತೆ ಬಂದದ್ದು. ಬಿಡಿಭಾಗ ಸಿಗುವುದಿಲ್ಲ. ವಾರಂಟಿಯೂ ಇಲ್ಲ.

ಅಳವಡಿಕೆ: ಮೈಯ ಶಾಖಕ್ಕಿಂತ ಎರಡು-ಮೂರು ಡಿಗ್ರಿ ತಣ್ಣಗಿರಲೆಂದೇ ಹೊರಗೆ ತೂಗುಹಾಕಿದೆ. ಒಳಗೆ ತಳ್ಳಬೇಡಿ.

ಕೆಲಸದ ರೀತಿ: ಒಂದು ವೀರ್ಯಾಣು ತಯಾರಾಗಲು ಸುಮಾರು 74 ದಿನ. ರಕ್ತದಲ್ಲಿ ಬಂದ ಕಂಡಕಂಡದ್ದು ಒಳನುಗ್ಗದಂತೆ ಸರ್ಟೋಲಿ ಕೋಶಗಳು ಒತ್ತೊತ್ತಾಗಿ ನಿಂತು ಗೋಡೆ ಕಟ್ಟಿವೆ. ಗೋಡೆ ಗಟ್ಟಿಯೇ. ಆದರೆ 100 ನ್ಯಾನೋಮೀಟರಿಗಿಂತ ಸಣ್ಣ ಲೋಹದ ಕಣಗಳು ಇದನ್ನೂ ದಾಟಿ ವೃಷಣ ಸೇರಿದ್ದು ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡಿದೆ. 2005ರಲ್ಲಿ ಅಮೆರಿಕದ ಸಂಶೋಧಕರು ಇಲಿಯ ವೀರ್ಯಮೂಲ ಕೋಶಗಳ ಮೇಲೆ ಬೆಳ್ಳಿ, ಅಲ್ಯೂಮಿನಿಯಂ, ಮಾಲಿಬ್ಡಿನಂ ಆಕ್ಸೈಡ್ ಕಣಗಳನ್ನು ಬಿಟ್ಟು ನೋಡಿದಾಗ ಎಲ್ಲಕ್ಕಿಂತ ಹೆಚ್ಚು ಕೆಡಿಸಿದ್ದು ಬೆಳ್ಳಿ. (ಮಗುವಿಗೆ ಹಾಲು ಕುಡಿಸುವ ಬೆಳ್ಳಿ ಒಳಲೆಯನ್ನು ಅಟ್ಟಕ್ಕೆ ಎಸೆಯಬೇಡಿ. ಗಟ್ಟಿ ಬೆಳ್ಳಿಯ ನಡತೆಯೇ ಬೇರೆ, ಕಣವಾದ ಬೆಳ್ಳಿಯದೇ ಬೇರೆ.) ಕಣಗಳು ಕೋಶದಲ್ಲಿ ಆಮ್ಲಜನಕದ ಪುಂಡ ಅಣುಗಳನ್ನು ಎಬ್ಬಿಸುತ್ತವೆ. ವೀರ್ಯಾಣುವಿನ ಪೊರೆಯ ತುಂಬ ಬೇಗ ಕೆಡುವ ಕೊಬ್ಬು, ರಿಪೇರಿ ಸಾಮಾನು ಮಾತ್ರ ಕಡಿಮೆ. ಬಾಲ ಸೋಲುತ್ತದೆ, ಡಿಎನ್‌ಎ ತುಂಡಾಗುತ್ತದೆ.

ಎಚ್ಚರಿಕೆ: ವಾಸನೆ ಬರಬಾರದೆಂದು ನ್ಯಾನೋ ಬೆಳ್ಳಿ ಸೇರಿಸಿದ ಕಾಲುಚೀಲ ಕಂಡು ಕಂಗಾಲಾಗಬೇಡಿ. ಇಲಿಗಳಿಗೆ ಚುಚ್ಚಿದ, ಕುಡಿಸಿದ ಪ್ರಮಾಣ ಕಾಲುಚೀಲದಿಂದ ಮೈಗೆ ಬರುವುದಿಲ್ಲ. ಈ ಪುಟ ನಿಜವಾಗಿ ಓದಬೇಕಾದವನು ಪೀಣ್ಯ ಕೈಗಾರಿಕಾ ಪ್ರದೇಶದ ಶೆಡ್ಡಿನಲ್ಲಿ ಸ್ಟೇನ್‌ಲೆಸ್ ಸ್ಟೀಲ್ ವೆಲ್ಡಿಂಗ್ ಮಾಡುವ ಹುಡುಗ. ಆ ಹೊಗೆಯಲ್ಲಿ ಕ್ರೋಮಿಯಂ, ನಿಕಲ್, ಮ್ಯಾಂಗನೀಸ್‌ಗಳ ನ್ಯಾನೋ ಗಾತ್ರದ ಕಣಗಳಿರುತ್ತವೆ. ವೆಲ್ಡರುಗಳ ವೀರ್ಯದ ಗುಣಮಟ್ಟ ಕುಸಿದದ್ದು ಡೆನ್ಮಾರ್ಕಿನ ಕೆಲವು ಅಧ್ಯಯನಗಳಲ್ಲಿ ದಾಖಲಾಗಿದೆ. ಮೂಗಿಗೆ ಕಟ್ಟಿಕೊಂಡ ಟವೆಲ್ ಈ ಕಣಗಳನ್ನು ತಡೆಯುವುದಿಲ್ಲ. ಹೊಗೆ ಏಳುವ ಜಾಗದಲ್ಲೇ ಅದನ್ನು ಎಳೆದು ಹೊರಹಾಕುವ ವ್ಯವಸ್ಥೆ ಬೇಕು. ಅದನ್ನು ಹಾಕಿಸಬೇಕಾದ ಮಾಲೀಕರಿಗೆ ಈ ಕೈಪಿಡಿಯ ಪ್ರತಿ ಕಳಿಸಿಲ್ಲ, ಕಳಿಸಿದರೂ ಓದುವುದಿಲ್ಲ.

ದೋಷ ಪತ್ತೆ: ಮದುವೆಯಾಗಿ ವರ್ಷ ಕಳೆದರೂ ಮಗು ಇಲ್ಲ. ರೂಢಿಯ ಕ್ರಮ: ಮೊದಲು ಸೊಸೆಯನ್ನು ಡಾಕ್ಟರ ಬಳಿ ಕಳಿಸಿ, ಆಮೇಲೆ ನಾಗಪ್ರತಿಷ್ಠೆ ಮಾಡಿಸಿ, ಆಮೇಲೆ ಜ್ಯೋತಿಷಿಯನ್ನು ಬದಲಿಸಿ. ತಯಾರಕರ ಕ್ರಮ: ಗಂಡನ ವೀರ್ಯ ಪರೀಕ್ಷೆಯನ್ನೂ ಮೊದಲ ದಿನವೇ ಬರೆಸಿ. ಎರಡರಿಂದ ಏಳು ದಿನ ಸಂಯಮದ ನಂತರ ಮಾದರಿ ಕೊಡಿ. ಮಿಲಿಲೀಟರಿಗೆ 1.6 ಕೋಟಿಗಿಂತ ಕಡಿಮೆ ಬಂದರೆ ಎಲ್ಲ ಮುಗಿಯಿತು ಎಂದಲ್ಲ. ಕೆಲಸ ಏನೆಂದು ಡಾಕ್ಟರಿಗೆ ಹೇಳಿ, ಅವರು ಕೇಳದಿದ್ದರೂ. ಹೊಗೆಯಿಂದ ದೂರ ಸರಿದು ಮೂರು ತಿಂಗಳಾದ ಮೇಲೆ ಮತ್ತೆ ಪರೀಕ್ಷಿಸಿ. ಅಷ್ಟರಲ್ಲಿ ಹೊಸ ಸರಕು ತಯಾರಾಗಿರುತ್ತದೆ.